ಜುವಾರಿ ಸೇತುವೆಯ ಮೇಲೆ ಬಿಟ್ಟ ಕೈ

ಹಳೆ ಗೋವಾದ ಯಾತ್ರೆ ಮುಗಿಸಿ ರೈಲು ಹತ್ತುವಾಗ ಬಂದ್ಯೋಡಿನ ಹಿಲರಿಯವರ ಸಂಸಾರ ಸೋತು ಸುಣ್ಣವಾಗಿತ್ತು. ಸಾಲಿನಲ್ಲಿ ನಿಂತು ನಿಂತು ಹೆಂಡತಿ ಜೋಸ್ಫಿನ್ ಅವರ ಕಾಲು ಊದಿತ್ತು. ಜೊತೆಗೆ ಬಂದಿದ್ದ ನೆರೆಮನೆಯ ನರ್ಸ್ ಸೌದಾಮಿನಿ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದರು. ದಣಿಯದವರು ಹಿಲರಿ ಒಬ್ಬರೇ. ಭಾವನಿಂದ ಕೇಳಿ ತಂದ ಕ್ಯಾಮೆರಾದಲ್ಲಿ ಇನ್ನೊಂದೇ ಫೋಟೋ ಬಾಕಿ ಇತ್ತು. ಅದು ಜುವಾರಿ ನದಿಯ ಸೇತುವೆಗೆಂದು ಅವರು ಊರಲ್ಲೇ ತೀರ್ಮಾನಿಸಿದ್ದರು. ಕೊಂಕಣ ರೈಲು ಶುರುವಾದ ಮೇಲೆ ನಮ್ಮ ಕಡೆಯ ಎಷ್ಟೋ ಜನರಿಗೆ ಬಾಗಿಲಲ್ಲಿ ನಿಂತು ಸೇತುವೆಯ ಫೋಟೋ ತೆಗೆಯುವ ಈ ಹುಚ್ಚು. ಬೇಡವೆಂದು ಹೇಳಿ ಹೇಳಿ ನಮಗೂ ಸಾಕಾಗಿದೆ.

"ನಾನು ಬಾಗಿಲ ಹತ್ರ ನಿಲ್ತೇನೆ," ಎಂದರು ಹಿಲರಿ.

"ಬೇಡ ಹಿಲರಿಯಣ್ಣ, ಕಿಟಕಿಯಿಂದಲೇ ತೆಗೀರಿ," ಎಂದರು ಸೌದಾಮಿನಿ.

"ಕಿಟಕಿಗೆ ಸರಳು ಉಂಟಲ್ಲ ಸಿಸ್ಟರೇ. ಫೋಟೋ ಜೈಲಿನಿಂದ ತೆಗೆದ ಹಾಗೆ ಕಾಣ್ತದೆ."

"ಕಂಡ್ರೆ ಕಾಣ್ಲಿ. ರೈಲಿಂದ ಬಿದ್ದವರನ್ನು ನಮ್ಮ ಆಸ್ಪತ್ರೆಗೆ ತರ್ತಾರೆ. ಅವರ ಮನೆಯವರಿಗೆ ಎಂತ ಹೇಳುವುದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

"ನಾನೆಂತ ಮಗುವಾ? ಕಂಬಿ ಗಟ್ಟಿ ಹಿಡ್ಕೊಳ್ತೇನೆ ಮಾರಾಯ್ರೆ!"

"ಇವರಿಗೆ ಹೇಳಿ ಪ್ರಯೋಜನ ಇಲ್ಲ," ಎಂದು ಜೋಸ್ಫಿನ್ ನಿಟ್ಟುಸಿರು ಬಿಟ್ಟರು. ಆದರೂ ಇಬ್ಬರೂ ಎದ್ದು ಅವರ ಹಿಂದೆ ನಡೆದರು.

ಸೇತುವೆ ಬಂತು. ಹಿಲರಿಯ ಎಡಗೈ ಬಾಗಿಲ ಕಂಬಿಯ ಮೇಲೆ, ಬಲಗೈಯಲ್ಲಿ ಕ್ಯಾಮೆರಾ. ಅಷ್ಟರಲ್ಲಿ ನದಿಯಾಚೆ ಬಿಳಿ ಇಗರ್ಜಿಯೊಂದು ಕಂಡಿತು. ಇಗರ್ಜಿ ಕಂಡರೆ ಶಿಲುಬೆಯ ಗುರುತು ಹಾಕುವುದು ಅವರಿಗೆ ಚಿಕ್ಕಂದಿನ ರೂಢಿ, ಅದೂ ಬಲಗೈಯಲ್ಲೇ. ಕ್ಯಾಮೆರಾವನ್ನು ಎಡಗೈಗೆ ದಾಟಿಸಿ ಬಲಗೈಯನ್ನು ಹಣೆಗೆ ಒಯ್ದರು. ಕಂಬಿಯ ಮೇಲೆ ಯಾವ ಕೈಯೂ ಉಳಿಯಲಿಲ್ಲ. ರೈಲು ಒಮ್ಮೆ ಕುಲುಕಿತು, ಹಿಲರಿ ಹೊರಗೆ ವಾಲಿದರು.

ಜೋಸ್ಫಿನ್ ಕಾಲರ್ ಹಿಡಿದರು, ಸೌದಾಮಿನಿ ಸೊಂಟ ಹಿಡಿದರು. ಮೂವರೂ ಒಳಗೆ ಬಿದ್ದರು. ಕ್ಯಾಮೆರಾ ನೀರಿಗೆ ಹೋಯಿತು.

ಜೋಸ್ಫಿನ್ ಬೈಯಲಿಲ್ಲ. ನೆಲದಲ್ಲೇ ಕುಳಿತು, ಗಂಡನ ಅಂಗಿ ಬಿಡದೆ ಅತ್ತರು. "ಒಬ್ಬಳೇ ಹೋಗಿ ಮಕ್ಕಳ ಎದುರು ಹೇಗೆ ನಿಲ್ಲುವುದಿತ್ತು ನಾನು?"

"ಕೈ ಬಿಟ್ಟದ್ದು ನನಗೆ ಗೊತ್ತೇ ಆಗ್ಲಿಲ್ಲ," ಎಂದರು ಹಿಲರಿ.

"ಯಾರಿಗೂ ಗೊತ್ತಾಗುವುದಿಲ್ಲ ಹಿಲರಿಯಣ್ಣ. ಅದಕ್ಕೇ ಹೇಳಿದ್ದು," ಎಂದರು ಸೌದಾಮಿನಿ.

ಹೊನ್ನಾವರದ ಸೇತುವೆ ಬಂದಾಗ ಬಾಗಿಲಲ್ಲಿ ನಿಂತವರನ್ನು ಹಿಲರಿಯೇ ಒಳಗೆ ಕರೆದರು. "ನಿಮಗೆಂತ ತೊಂದ್ರೆ?" ಎಂದು ಒಬ್ಬ ಕೇಳಿದ. ಹಿಲರಿ ಹರಿದ ಕಾಲರ್ ತೋರಿಸಿದರು.

ಬಂಧುಗಳೇ, ರೂಢಿಯ ಕೈ ನಮ್ಮನ್ನು ಕೇಳಿ ಏಳುವುದಿಲ್ಲ. ಒಬ್ಬರು ಶಿಲುಬೆಯ ಗುರುತು ಹಾಕುತ್ತಾರೆ, ಒಬ್ಬರು ನದಿಗೆ ಕೈಮುಗಿಯುತ್ತಾರೆ, ಇನ್ನೊಬ್ಬರು ಗಾಳಿಗೆ ಹಾರುವ ಮುಂಡು ಪಂಚೆ ಹಿಡಿಯುತ್ತಾರೆ. ಓಡುವ ರೈಲಿನ ಬಾಗಿಲಲ್ಲಿ ನಿಲ್ಲಬೇಡಿ, ನಿಂತವರನ್ನು ಒಳಗೆ ಕರೆಯಿರಿ. ಹಿಂದೆ ನಿಂತು ಹಿಡಿಯಲು ಎಲ್ಲರಿಗೂ ಒಬ್ಬ ಜೋಸ್ಫಿನ್ ಇರುವುದಿಲ್ಲ.