ಸುರಂಗದ ಮೇಲಿನ ಬಾವಿ

ಅಣ್ಣಯ್ಯಪ್ಪನ ಮನೆಯ ಜಗುಲಿಯ ಮೇಲೆ ಕುಳಿತು ಸದಾಶಿವಯ್ಯನವರು ಮಜ್ಜಿಗೆ ಕುಡಿಯುತ್ತಿದ್ದರು. ಚೇಳೂರಿನ ಸದಾಶಿವಯ್ಯನವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆದರೆ, ನೀರಿದ್ದ ಕಡೆ ಕಾಯಿ ತಾನೇ ಎದ್ದು ನಿಲ್ಲುತ್ತದೆಂದು ಗುಬ್ಬಿ ಸೀಮೆಯಲ್ಲೆಲ್ಲ ಹೆಸರು. ಇಪ್ಪತ್ತು ವರ್ಷಗಳಲ್ಲಿ ಅವರ ಮಾತು ಒಮ್ಮೆಯೂ ತಪ್ಪಿರಲಿಲ್ಲ. ಈ ಊರಿನ ಗುಡ್ಡದ ಇಳಿಜಾರಿನ ಅಣ್ಣಯ್ಯಪ್ಪನ ಹೊಲದಲ್ಲಿ ಬಾವಿಗೆ ಜಾಗ ತೋರಿಸಿದವರೂ ಅವರೇ. ಬಾವಿ ಈಗ ನಲವತ್ತು ಅಡಿ ಇಳಿದಿತ್ತು. ಅಡ್ಡ ಬಂದ ಬಂಡೆಗೆ ಕುಳಿ ಹೊಡೆದು, ಮದ್ದು ತುಂಬಿ, ಮಧ್ಯಾಹ್ನ ಸಿಡಿಸುವುದೆಂದು ನಿಶ್ಚಯವಾಗಿತ್ತು.

"ಇವತ್ತು ಗಂಗಮ್ಮ ಕಣ್ಣು ಬಿಡ್ತಾಳೆ ಅಯ್ಯನೋರೆ. ನಮ್ಮ ರಂಗಮ್ಮ ಹದಿನೈದು ವರ್ಷದಿಂದ ಮೈಲಿ ದೂರ ನಡೆದು ನೀರು ಹೊತ್ತವ್ಳೆ," ಎಂದ ಅಣ್ಣಯ್ಯಪ್ಪ, ಹೆಂಡತಿಯ ಕಡೆ ನೋಡಿ.

ಅಷ್ಟರಲ್ಲಿ ರೈಲ್ವೆ ಗ್ಯಾಂಗಿನ ಮೇಸ್ತ್ರಿ ಬೆಟ್ಟಸ್ವಾಮಿ ಕೆಂಪು ಬಾವುಟವನ್ನು ಕಂಕುಳಲ್ಲಿ ಇರುಕಿಕೊಂಡು ಏದುಸಿರು ಬಿಡುತ್ತ ಬಂದ.

"ಗೌಡ್ರೆ, ಮದ್ದು ಹಾರಿಸಬೇಡಿ. ಮೊನ್ನೆ ಸಿಡಿಸಿದ ಮೇಲೆ ಕೆಳಗೆ ರೈಲು ಸುರಂಗದ ನೆತ್ತಿ ಬಿರುಕು ಬಿಟ್ಟದೆ. ನಾಳೆ ತುಮಕೂರಿಂದ ಇನ್ಸ್‌ಪೆಕ್ಟರ್ ಬರ್ತಾರೆ. ಒಂದಿನ ತಡೀರಿ."

"ಅವರು ಬಂದ್ರೆ ಬಾವಿನೇ ಮುಚ್ಚಿಸ್ತಾರೆ. ಅದಕ್ಕೇ ಇವತ್ತೇ ಆಗ್ಬೇಕು. ನೆಲ ನಂದು ಕಣಯ್ಯ! ರೈಲು ಬರೋಕ್ಮುಂಚೆ ನಮ್ಮ ತಾತ ಇಲ್ಲಿ ರಾಗಿ ಬಿತ್ತವ್ನೆ. ರೈಲಿಗೆ ಹೆದರಿ ನಾವು ಬಾಯಾರಿ ಸಾಯ್ಬೇಕಾ?"

"ಎರಡು ಗಂಟೆ ಪ್ಯಾಸೆಂಜರ್ ತುಂಬ ಸಂತೆ ಜನ ಇರ್ತಾರೆ."

"ಬಾವುಟ ಹಿಡಿದು ನಿಲ್ಸು. ಮದ್ದು ಹಾರಿದ ಮೇಲೆ ಬುಡು."

"ಇವತ್ತು ನಿಲ್ಲಿಸ್ತೀನಿ ಗೌಡ್ರೆ. ಸಡಿಲಾದ ಕಲ್ಲು ನಾಡಿದ್ದು ಬಿದ್ರೆ ಯಾರು ನಿಲ್ಲಿಸ್ತಾರೆ?"

ಸದಾಶಿವಯ್ಯನವರು ಲೋಟ ಕೆಳಗಿಟ್ಟರು. ಅಡಿಯಲ್ಲಿ ರೈಲು ಹೋಗುವುದು ಜಾಗ ತೋರಿಸಿದ ದಿನವೇ ಅವರಿಗೆ ತಿಳಿದಿತ್ತು. ನೀರಿನ ಜಾಡು ಸಿಕ್ಕಿದ ಸಂತೋಷದಲ್ಲಿ ಅದರ ಬಗ್ಗೆ ಯೋಚಿಸಿರಲಿಲ್ಲ. "ನಡಿ, ನೋಡೋಣ," ಎಂದು ಬೆಟ್ಟಸ್ವಾಮಿಯ ಹಿಂದೆ ಗುಡ್ಡ ಇಳಿದರು.

ಸುರಂಗದ ನಡುವೆ ಬೆಟ್ಟಸ್ವಾಮಿ ಲಾಟೀನು ಎತ್ತಿ ಹಿಡಿದ. ಕಮಾನಿನ ಕಲ್ಲುಗಳ ಸಂದಿಯಲ್ಲಿ ಬಿರುಕು ಒಂದು ಮಾರು ಉದ್ದ ಹರಿದಿತ್ತು. ಮೇಲಿನಿಂದ ಕುಳಿ ಹೊಡೆಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಒಂದೊಂದು ಏಟಿಗೂ ಗಾರೆಯ ಪುಡಿ ಅಯ್ಯನವರ ಹೆಗಲ ಮೇಲೆ ಉದುರುತ್ತಿತ್ತು. ಬಿರುಕಿನಿಂದ ಜಿನುಗುತ್ತಿದ್ದ ಹನಿಯನ್ನು ಅವರು ನಾಲಗೆಗೆ ಹಚ್ಚಿಕೊಂಡರು. ಸಿಹಿ ನೀರು. ಅವರ ಲೆಕ್ಕ ತಪ್ಪಿರಲಿಲ್ಲ.

ತಟ್ಟನೆ ಮೇಲಿನ ಸದ್ದು ನಿಂತಿತು.

"ಕುಳಿ ಮುಗೀತು. ಇನ್ನು ಮದ್ದು ತುಂಬ್ತಾರೆ," ಎಂದ ಬೆಟ್ಟಸ್ವಾಮಿ.

ಅರವತ್ತು ದಾಟಿದ ಸದಾಶಿವಯ್ಯನವರು ಪಂಚೆ ಎತ್ತಿ ಕಟ್ಟಿ ಬೆಟ್ಟಸ್ವಾಮಿಯೊಡನೆ ಗುಡ್ಡ ಹತ್ತಿದರು. ಅವರು ಬರುವಷ್ಟರಲ್ಲಿ ಬಾವಿಯ ಸುತ್ತ ಊರೇ ನೆರೆದಿತ್ತು. ಮದ್ದು ತುಂಬಿ ಬತ್ತಿ ಜೋಡಿಸಿಯಾಗಿತ್ತು.

"ನಿಲ್ಲಿಸು ಅಣ್ಣಯ್ಯಪ್ಪ! ಕಣ್ಣಾರೆ ನೋಡಿದೆ. ಸುರಂಗ ತಡೆಯಲ್ಲ."

"ಸುರಂಗದ ಮಾತು ಬ್ಯಾಡಿ ಅಯ್ಯನೋರೆ. ನೀರಿನ ಮಾತು ಹೇಳಿ. ಐತೋ, ಇಲ್ವೋ? ಐತೆ ಅಂದ್ರೆ ಬತ್ತಿ ಹಚ್ತೀವಿ."

ಸದಾಶಿವಯ್ಯನವರು ಚೀಲದಿಂದ ಕಾಯಿ ತೆಗೆದು ಅಂಗೈ ಮೇಲಿಟ್ಟು ಬಾವಿಯನ್ನು ಸುತ್ತಿದರು. ಮೂಡಣ ಅಂಚಿನಲ್ಲಿ ಕಾಯಿ ಅದುರಿ ಏಳತೊಡಗಿತು. ಯಾರಿಗೂ ಕಾಣದಂತೆ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು.

"ಇಲ್ಲ," ಎಂದರು. "ಇಲ್ಲಿ ನೀರಿಲ್ಲ. ನನ್ನ ಲೆಕ್ಕ ತಪ್ಪಿತು."

ಗುಂಪಿನಲ್ಲಿ ಯಾರೋ ನಕ್ಕರು, ಯಾರೋ ಬೈದರು. ಅಣ್ಣಯ್ಯಪ್ಪ ಅವರ ಮುಖವನ್ನೇ ದುರುಗುಟ್ಟಿ ನೋಡಿ, ಟವಲು ಕೊಡವಿಕೊಂಡು ಹೊರಟುಹೋದ. ರಂಗಮ್ಮ ಕುಳಿ ಹೊಡೆಯುವವರಿಗೆಂದು ಬೆಳಿಗ್ಗೆ ಹೊತ್ತು ತಂದಿದ್ದ ನೀರಿನ ಕೊಡವನ್ನು ಬೆಟ್ಟಸ್ವಾಮಿಯ ಕೈಗೆ ಕೊಟ್ಟಳು. ಅವನು ಬಾವಿಗಿಳಿದು ಮದ್ದಿನ ಮೇಲೆ ಆ ನೀರು ಸುರಿದ. ಎರಡು ಗಂಟೆಗೆ ಪ್ಯಾಸೆಂಜರ್ ರೈಲು ಕೆಂಪು ಬಾವುಟದ ಮುಂದೆ ನಿಂತಿತು. ಗ್ಯಾಂಗಿನವರು ಸಂಜೆಯವರೆಗೆ ಸುರಂಗಕ್ಕೆ ಮರದ ಆಧಾರ ಕೊಟ್ಟು, ರೈಲನ್ನು ಮೆಲ್ಲಗೆ ದಾಟಿಸಿದರು.

ಮಾರನೆಯ ದಿನ ಬಂದ ಇನ್ಸ್‌ಪೆಕ್ಟರ್ ಬಾವಿಯನ್ನು ಮುಚ್ಚಿಸಿದರು. ಆ ಬೇಸಿಗೆ ಪೂರ್ತಿ ಸದಾಶಿವಯ್ಯನವರನ್ನು ಜಾಗ ನೋಡಲು ಯಾರೂ ಕರೆಯಲಿಲ್ಲ.

ಮೊದಲ ಮಳೆ ಬಿದ್ದ ವಾರ ಚೇಳೂರಿನ ಅವರ ಬಾಗಿಲಲ್ಲಿ ಒಂದು ಎತ್ತಿನ ಗಾಡಿ ನಿಂತಿತು. ಅಣ್ಣಯ್ಯಪ್ಪ ಇಳಿದು, ಹೊಸಿಲಾಚೆಯೇ ನಿಂತ.

"ಸುರಂಗದೊಳಕ್ಕೆ ಹೋಗಿದ್ದೆ ಅಯ್ಯನೋರೆ. ಬೆಟ್ಟಸ್ವಾಮಿ ಕರ್ಕೊಂಡು ಹೋದ. ಆ ಜಿನುಗು ನೀರು ಕುಡಿದೆ."

ಸದಾಶಿವಯ್ಯನವರು ತಲೆ ತಗ್ಗಿಸಿದರು. "ಊರ ಮುಂದೆ ಸುಳ್ಳು ಹೇಳಿದೆ ಕಣಪ್ಪ."

"ನಿಜ ಹೇಳ್ದಾಗ ನಾನು ಕೇಳ್ಳಿಲ್ವಲ್ಲ." ಅಣ್ಣಯ್ಯಪ್ಪ ಗಾಡಿಯ ಕಡೆ ಕೈ ತೋರಿಸಿದ. "ಗುಡ್ಡದಾಚೆ ಇನ್ನೊಂದು ತುಂಡು ಹೊಲ ಅದೆ. ರೈಲು ದಾರಿಗೆ ಎಷ್ಟು ದೂರ ಬಿಡ್ಬೇಕು ಅಂತ ಬೆಟ್ಟಸ್ವಾಮಿ ಅಳೆದು ಗೂಟ ಹೊಡೆದವ್ನೆ. ಆ ಗೂಟದಿಂದಾಚೆ ನೀವು ನೋಡಿಕೊಡಿ."

ಅಯ್ಯನವರು ಶಲ್ಯ ಹೊದ್ದು ಬಂದರು. ಅಣ್ಣಯ್ಯಪ್ಪ ಅವರನ್ನು ಗಾಡಿಯ ಮುಂಭಾಗದಲ್ಲಿ, ನಾಲ್ಕು ಜನಕ್ಕೆ ಕಾಣುವಂತೆ ಕೂರಿಸಿ, ಪೇಟೆ ಬೀದಿಯಲ್ಲಿ ಎತ್ತುಗಳನ್ನು ಬೇಕೆಂದೇ ನಿಧಾನವಾಗಿ ಹೊಡೆದ.