ಬರ್ಕೊಳ್ರಿ

ಅಕ್ಕಿಆಲೂರಿನ ಹೊಳೆವ್ವನ ಮನೆಗೆ ಸಮೀಕ್ಷೆಗೆಂದು ಬಂದವಳು ರಾಜಶ್ರೀ. ಜನ ಬುದ್ಧಿಮಾಂದ್ಯರೆಂದು ಕರೆಯುವವರ ಹಗಲು ಕೇಂದ್ರದಲ್ಲಿ ಎಂಟು ವರ್ಷ ಕುಳಿತು ಮೇಣದಬತ್ತಿ ಮಾಡಿದವಳು ಅವಳು. ಕೇಂದ್ರ ಹೇಗಿದೆ ಎಂದು ಅಲ್ಲಿಗೆ ಹೋಗುವವರನ್ನೇ ಕೇಳುವ ಕೆಲಸ ಈ ವರ್ಷ ಅವಳಂಥವರಿಗೇ ಸಿಕ್ಕಿತ್ತು. ಓದಲು ತಡವರಿಸುವವರಿಗೆಂದು ಪ್ರಶ್ನೆಗಳ ಪಕ್ಕ ಚಿತ್ರಗಳಿದ್ದವು.

"ಕೇಂದ್ರದಾಗ ಹೆಂಗದೀರಿ?" ಎಂದು ಹೊಳೆವ್ವನ ಮಗ ಮೈಲಾರಲಿಂಗನನ್ನು ಕೇಳಿದಳು.

ಮೂವತ್ತು ದಾಟಿದ ಮೈಲಾರಲಿಂಗ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಊರಿಗೆಲ್ಲ ಅವನು 'ಏ ಮೈಲ್ಯಾ'. 'ರಿ' ಹಚ್ಚಿ ಮಾತಾಡಿಸಿದವರೇ ಇರಲಿಲ್ಲ.

"ಆರಾಮ ಅದಾನ್ರಿ, ಬರ್ಕೊಳ್ರಿ," ಎಂದಳು ಹೊಳೆವ್ವ.

ರಾಜಶ್ರೀ ಪೆನ್ನು ಎತ್ತಲಿಲ್ಲ. ಅವಳ ಅವ್ವನೂ ಎಂಟು ವರ್ಷ ಇದನ್ನೇ ಬರೆಸಿದ್ದಳು. ಮೇಣದ ವಾಸನೆಗೆ ಮಗಳ ತಲೆ ಸಿಡಿಯುತ್ತಿದ್ದುದು ಯಾವ ಹಾಳೆಯಲ್ಲೂ ದಾಖಲಾಗಿರಲಿಲ್ಲ.

"ಯವ್ವಾ, ನಿಂದು ಆಮ್ಯಾಲ ಕೇಳ್ತೇನಿ. ಮೈಲಾರಲಿಂಗ ಅವರ, ನೀವು ಹೇಳ್ರಿ. ಅಲ್ಲೀಮಟ ನಾ ಇಲ್ಲೇ ಕುಂತಿರ್ತೇನಿ."

ಕುಳಿತೇ ಇದ್ದಳು. ಕೊಟ್ಟ ಚಹಾ ಆರಿ ಕೆನೆಗಟ್ಟಿತು. ಹೊಳೆವ್ವ ಎರಡು ಸಲ ಬಾಯಿ ತೆರೆದು, ಅವಳ ಮುಖ ನೋಡಿ ಮುಚ್ಚಿಕೊಂಡಳು.

"ಮೇಣದಬತ್ತಿ ಒಲ್ಲೆ," ಎಂದ ಮೈಲಾರಲಿಂಗ, ಕೊನೆಗೆ. "ಅಕ್ಕಿ ಗಿರಣಿಗೆ ಕೆಲಸಕ್ಕ ಹೋಗ್ತೇನಿ. ಚೀಲದ ಬಾಯಿ ಹೊಲಿಯಾಕ ಬರತೈತಿ ನನಗ."

"ಯಾವಾಗ ಕಲ್ತ್ಯೋ?" ಹೊಳೆವ್ವ ಬೆರಗಾಗಿ ಕೇಳಿದಳು.

ಅವನು ಅವ್ವನತ್ತ ನೋಡಲಿಲ್ಲ. ರಾಜಶ್ರೀಯ ಹಾಳೆಯ ಖಾಲಿ ಜಾಗದ ಮೇಲೆ ಬೆರಳೂರಿ, ಮನೆಯ ಯಜಮಾನನಂತೆ ನಿಧಾನವಾಗಿ ಹೇಳಿದ:

"ಬರ್ಕೊಳ್ರಿ."