ಬದಲಾಗದೆ ಉಳಿದ ಸಾಲು

ಮೇಷ್ಟ್ರು ಹಾರ್ಮೋನಿಯಂಗೆ ಕೈ ಹಾಕಿದ್ದೇ ತಡ, ಒಳಗಿನಿಂದ ಬಂದ ಅವಳು ಪೆಟ್ಟಿಗೆಯ ಮುಚ್ಚಳವನ್ನು ಧಡ್ಡನೆ ಮುಚ್ಚಿದಳು. ಅವರ ಬೆರಳು ಉಳಿದದ್ದೇ ಪುಣ್ಯ.

“ಆ ಹಾಡೊಂದು ಬೇಡ. ಬೇರೆ ಏನಾದ್ರೂ ಹಾಡ್ಕೊಳ್ಳಿ.”

ನಡುಮನೆಯಲ್ಲಿ ಹೂವಿನಡಿ ಮಲಗಿದ್ದವನು ಅವಳ ಗಂಡ. ನಾಟಕ ಕಂಪನಿಗೆ ಜೀವಮಾನವಿಡೀ ಹಾಡು ಬರೆದವನು, ಮೇಷ್ಟ್ರ ಗೆಳೆಯ. ಹೊರಗೆ ಬೀದಿ ತುಂಬ ಜನ. ಅವರಿಗೆಲ್ಲ ಬೇಕಾಗಿದ್ದುದು ಅದೊಂದೇ ಹಾಡು.

“ಅದಿಲ್ದೆ ಅವನನ್ನ ಕಳ್ಸೋದಾ ಅತ್ತಿಗೆ?”

“ನನ್ನ ಮಗಳ ಮಾತನ್ನ ಮಾರ್ಕೊಂಡ ಹಾಡು ಅದು. ಅವಳು ತೀರ್ಕೊಂಡ ವಾರಕ್ಕೇ ಚಪ್ಪಾಳೆ ಗಿಟ್ಟಿಸ್ತು. ನಾನಿರೋವರೆಗೂ ಈ ಮನೇಲಿ ಅದು ಕೇಳ್ಬಾರ್ದು.”

*

ರಾಗ ಮೊದಲು, ಮಾತು ಆಮೇಲೆ. ಗೆಳೆಯರಿಬ್ಬರೂ ಕೆಲಸ ಮಾಡುತ್ತಿದ್ದುದೇ ಹಾಗೆ. ಮೇಷ್ಟ್ರು ರಾಗ ನುಡಿಸಿದರೆ, ಅವನು ಸದ್ಯಕ್ಕೆ ಅಳತೆಗಿರಲೆಂದು ಮನೆಯಲ್ಲಿ ಕಿವಿಗೆ ಬಿದ್ದ ಮಾತನ್ನೇ ಅದರಲ್ಲಿ ತುಂಬುತ್ತಿದ್ದ. ‘ಹಾಲು ಉಕ್ಕಿತು ನೋಡೇ’ ಎಂದು ಗಂಭೀರವಾಗಿ ಆಲಾಪ ತೆಗೆದರೆ ಅಡುಗೆಮನೆಯಲ್ಲಿ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಆಮೇಲೆ ಆ ಜಾಗಕ್ಕೆ ನಿಜವಾದ ಸಾಲು ಬಂದು ಕೂರುತ್ತಿತ್ತು.

ಮಗಳದು ಮಲಗುವಾಗ ದಿನವೂ ಒಂದೇ ಹಟ: “ದೀಪ ಆರಿಸ್ಬೇಡಮ್ಮ, ನಾನಿನ್ನೂ ಎದ್ದಿದೀನಿ.” ಸಾಕು ಮಲಗೇ ಎಂದು ಇವಳು ಸ್ವಿಚ್ಚು ಒತ್ತಿಬಿಡುತ್ತಿದ್ದಳು. ಜ್ವರದಲ್ಲಿ ಮಗು ಕಣ್ಣು ಮುಚ್ಚಿದ ದಿನವೂ ಒತ್ತಿದ್ದಳು. ಅಂದಿನಿಂದ ಮಗುವಿನ ಕೋಣೆಯ ಬಾಗಿಲು ತೆರೆದಿರಲಿಲ್ಲ.

*

“ಮಾರ್ಕೊಂಡಿಲ್ಲ ಅತ್ತಿಗೆ.” ಮೇಷ್ಟ್ರು ಮುಚ್ಚಿದ ಪೆಟ್ಟಿಗೆಯ ಮೇಲೆ ಕೈಯಿಟ್ಟರು. “ಮಗು ಆಡ್ಕೊಂಡಿದ್ದಾಗ್ಲೇ ಅಳತೆಗೆ ಅಂತ ಹಾಕಿದ್ದ ಸಾಲು ಅದು. ಬದಲಾಯಿಸೋಷ್ಟರಲ್ಲಿ ಹೀಗಾಯ್ತು. ಅವನು ಸೂತಕದಲ್ಲಿ ಮನೇಲಿದ್ದ. ಅದೇ ನಿಜವಾದ ಸಾಲು ಅಂದ್ಕೊಂಡು ಕಂಪನಿಯವರು ಹಾಡಿಬಿಟ್ರು. ಆಮೇಲೆ ಬಂದು ಸಾಲು ಬದಲಾಯಿಸ್ತೀನಿ ಅಂತ ಕಂಪನಿ ಯಜಮಾನರ ಕಾಲು ಹಿಡ್ಕೊಂಡ. ಜನ ಅಳ್ತಿದಾರೆ, ಒಂದಕ್ಷರ ಮುಟ್ಬೇಡ ಅಂದ್ಬಿಟ್ರು.”

“ನಂಗ್ಯಾಕೆ ಹೇಳ್ಲಿಲ್ಲ?”

“ಮಾತೆತ್ತಿದ್ರೆ ನೀವು ಎದ್ದು ಹೋಗ್ತಿದ್ರಂತೆ. ನಾಟಕದಲ್ಲಿ ಆ ಹಾಡು ಬಂದ್ರೆ ಅವನೂ ಎದ್ದು ಬೀದಿಗೆ ಹೋಗ್ತಿದ್ದ. ಪೂರ್ತಿ ಒಂದ್ಸಲಾನೂ ಕೇಳಿಲ್ಲ.”

ಒಂದೇ ಸೂರಿನಡಿ ಇಬ್ಬರೂ ಒಂದೇ ಸಾಲಿಗೆ ಹೆದರಿ ಓಡುತ್ತಲೇ ಬದುಕಿದ್ದರು! ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಾನೇ ಮುಚ್ಚಳ ತೆಗೆದಳು.

“ನುಡಿಸಿ. ಅವರೂ ಕೇಳ್ಲಿ ಇವತ್ತು.”

ರಾಗ ಕಿಟಕಿ ದಾಟಿದ್ದೇ ಬೀದಿಗೆ ಬೀದಿಯೇ ದನಿಗೂಡಿಸಿತು. ದೀಪ ಆರಿಸ್ಬೇಡಮ್ಮ... ಅಷ್ಟು ಕಂಠಗಳ ನಡುವೆ ಒಂದು ಸಣ್ಣ ದನಿ ಮಾತ್ರ ಬೀದಿಯಿಂದಲ್ಲ, ಮನೆಯೊಳಗಿನಿಂದ ಬರುತ್ತಿತ್ತು. ಅವಳು ಎದ್ದು ಹೋಗಿ ಮುಚ್ಚಿದ ಕೋಣೆಯ ಬಾಗಿಲು ತಳ್ಳಿದಳು.

ಹೆಣ ಎತ್ತುವ ಹೊತ್ತಿಗೆ ತಂಗಿ ಹುಡುಕಿಕೊಂಡು ಬಂದಳು. ಕೋಣೆಯಲ್ಲಿ ಧೂಳು ಹಿಡಿದ ಬಲ್ಬು ಉರಿಯುತ್ತಿತ್ತು.

“ಇದೇನಕ್ಕ, ಪಟ್ಟಹಗಲಲ್ಲಿ ಲೈಟು?” ಎಂದು ತಂಗಿ ಗೋಡೆಯತ್ತ ಕೈ ಚಾಚಿದಳು.

ಅವಳು ಸ್ವಿಚ್ಚಿನ ಮೇಲೆ ಅಂಗೈ ಮುಚ್ಚಿ ನಿಂತಳು.

“ಆರಿಸ್ಬೇಡ ಕಣೇ. ಇನ್ನೂ ಎದ್ದಿದಾಳೆ.”